ಬೀಚ್ ಬಗ್ಗಿಯ ಹಿಂಚಕ್ರದ ಬೇರಿಂಗ್ ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ತಳದ ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸಿ ಮನೆಯಲ್ಲೇ ಕಟ್ಟಿಕೊಳ್ಳುವ ಬೀಚ್ ಬಗ್ಗಿಗಳಿಗಾಗಿ ಇದನ್ನು ಬರೆದಿದ್ದೇನೆ. ನಾನು ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೊಂದು ಗಾಡಿ ಇಟ್ಟುಕೊಂಡಿದ್ದೇನೆ. ಅದರ ಹಿಂಬದಿಯನ್ನು ಎರಡು ಸಲ ಪೂರ್ತಿ ಬಿಚ್ಚಿದ್ದೇನೆ. ಎರಡನೇ ಸಲ ಬಿಚ್ಚಬೇಕಾಗಿ ಬಂದದ್ದು ಮೊದಲ ಸಲದ ತಪ್ಪಿನಿಂದ. ಆ ತಪ್ಪು ಇಲ್ಲಿ ಓದುವವರಿಗೆ ಆಗಬಾರದು.

ಇದು ಯಾವ ಗಾಡಿಗಳಿಗೆ ಅನ್ವಯಿಸುತ್ತದೆ?

ಬ್ರೂಸ್ ಮೇಯರ್ಸ್ 1964ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಮೇಯರ್ಸ್ ಮ್ಯಾಂಕ್ಸ್ ಎಂಬ ಬಗ್ಗಿಯನ್ನು ಮೊದಲು ಕಟ್ಟಿದರು. ಅವರು ದೋಣಿ ಕಟ್ಟುವ ಕೆಲಸದಿಂದ ಬಂದವರು, ಫೈಬರ್‌ಗ್ಲಾಸ್ ಅವರ ಕೈಗೆ ಪಳಗಿತ್ತು. ಮೊದಲ ಹನ್ನೆರಡು ಗಾಡಿಗಳಿಗೆ ಬಾಡಿಯೇ ಚಾಸಿಸ್ ಆಗಿತ್ತು. ಆಮೇಲೆ ಬೀಟಲ್‌ನ ತಳವನ್ನೇ 14½ ಇಂಚು ಕತ್ತರಿಸಿ, ಬೆಸೆದು, ಅದರ ಮೇಲೆ ಬಾಡಿ ಕೂರಿಸುವ ಕಿಟ್ ಬಂತು. ಬೀಟಲ್‌ನ 94½ ಇಂಚಿನ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಹಾಗೆ 80 ಇಂಚಿಗೆ ಇಳಿಯಿತು. ಅದನ್ನು ನೋಡಿ ಲೋಕದ ತುಂಬ ನಕಲುಗಳು ಹುಟ್ಟಿದವು. ಬಾಡಿ ಯಾರದ್ದೇ ಇರಲಿ, ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲ ಬೀಟಲ್‌ನದ್ದೇ ಆಗಿದ್ದರೆ ಇಲ್ಲಿರುವುದು ನಿಮಗೂ ಹೊಂದುತ್ತದೆ.

ಕಿಟ್ ಗಾಡಿಗೆ ಕಂಪನಿಯ ಮ್ಯಾನ್ಯುಯಲ್ ಇರುವುದಿಲ್ಲ. ತಳ ಒಂದು ವರ್ಷದ್ದು, ಗೇರ್‌ಬಾಕ್ಸ್ ಇನ್ನೊಂದು ವರ್ಷದ್ದು, ಡ್ರಮ್ ಮತ್ತೊಂದರದ್ದು ಇರಬಹುದು. ನೋಂದಣಿ ಪತ್ರದಲ್ಲಿರುವ ವರ್ಷವನ್ನು ನಂಬಿ ಭಾಗ ತರಿಸಬೇಡಿ. ಬಿಚ್ಚಿ, ಅಳೆದು, ನೋಡಿ ತನ್ನಿ.

ನನ್ನದು ಸ್ವಿಂಗ್ ಆಕ್ಸಲೋ, ಐಆರ್‌ಎಸ್ಸೋ?

ಗಾಡಿಯ ಹಿಂದೆ ಮಲಗಿ ನೋಡಿ. ಗೇರ್‌ಬಾಕ್ಸ್‌ನ ಪಕ್ಕದಲ್ಲಿ ಒಂದೇ ರಬ್ಬರ್ ಬೂಟ್ ಇದ್ದು, ಅಲ್ಲಿಂದ ದಪ್ಪ ಉಕ್ಕಿನ ಕೊಳವೆ ನೇರ ಚಕ್ರದವರೆಗೂ ಹೋಗಿದ್ದರೆ ಸ್ವಿಂಗ್ ಆಕ್ಸಲ್. ಬರಿಯ ಶಾಫ್ಟ್ ಕಾಣುತ್ತಿದ್ದು, ಅದರ ಎರಡೂ ತುದಿಗೆ ಬೂಟ್ ಇರುವ ಸಿವಿ ಜಾಯಿಂಟ್ (ಓರೆಯಾಗಿದ್ದರೂ ತಿರುಗುವ ಕೀಲು) ಇದ್ದು, ಚಕ್ರವನ್ನು ಓರೆಯಾದ ತೋಳೊಂದು ಹಿಡಿದಿದ್ದರೆ ಐಆರ್‌ಎಸ್, ಅಂದರೆ ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್. ಅಮೆರಿಕಕ್ಕೆ ಬಂದ ಬೀಟಲ್‌ಗಳಲ್ಲಿ 1969ರ ಮಾದರಿಯಿಂದ ಐಆರ್‌ಎಸ್ ಬಂತು. ಆದರೆ ಬ್ರೆಜಿಲ್‌ನಲ್ಲಿ ಸ್ವಿಂಗ್ ಆಕ್ಸಲ್ ಕೊನೆಯವರೆಗೂ ಉಳಿಯಿತು.

ನನ್ನದು ಸ್ವಿಂಗ್ ಆಕ್ಸಲ್. ಕೆಳಗಿನ ವಿವರಗಳೆಲ್ಲ ಅದರದ್ದೇ. ಐಆರ್‌ಎಸ್‌ನಲ್ಲಿ ಒಂದೊಂದು ಬದಿಗೆ ಎರಡೆರಡು ಬೇರಿಂಗ್: ಒಂದು ಬಾಲ್, ಒಂದು ರೋಲರ್. ಎರಡಕ್ಕೂ ಗ್ರೀಸ್ ತುಂಬಬೇಕು. ಸ್ವಿಂಗ್ ಆಕ್ಸಲ್‌ನಲ್ಲಿ ಹೊರತುದಿಗೆ ಒಂದೇ ಬೇರಿಂಗ್. ಅದಕ್ಕೆ ಗೇರ್‌ಬಾಕ್ಸ್‌ನ ಎಣ್ಣೆಯೇ ಕೊಳವೆಯೊಳಗೆ ಹರಿದು ಬಂದು ಸಿಗುತ್ತದೆ. ಈ ಒಂದು ವ್ಯತ್ಯಾಸದಿಂದಲೇ ಉಳಿದದ್ದೆಲ್ಲ ಬೇರೆಯಾಗುತ್ತದೆ.

ಹಿಂದಿನಿಂದ ಸದ್ದು ಬರುತ್ತಿದೆ. ಬೇರಿಂಗೇ ಎಂದು ಹೇಗೆ ತಿಳಿಯುವುದು?

ಬಗ್ಗಿಯಲ್ಲಿ ಇದು ಸುಲಭವಲ್ಲ. ಮೇಲೆ ಚಾವಣಿ ಇಲ್ಲ, ಬೆನ್ನ ಹಿಂದೆಯೇ ಎಂಜಿನ್ ಕಿರುಚುತ್ತಿರುತ್ತದೆ, ದಪ್ಪ ಗಟ್ಟಿನ ಟೈರು ಟಾರು ರಸ್ತೆಯ ಮೇಲೆ ಗುಂಯ್ ಅನ್ನುತ್ತದೆ. ಹಾಗಾಗಿ ಸದ್ದು ಯಾವುದರ ಜೊತೆ ಏರಿಳಿಯುತ್ತದೆ ಎಂದು ಗಮನಿಸಿ. ಗೇರ್ ನ್ಯೂಟ್ರಲ್‌ಗೆ ತಂದು ಗಾಡಿ ತಾನಾಗಿ ಉರುಳಲು ಬಿಟ್ಟಾಗಲೂ ಸದ್ದು ವೇಗಕ್ಕೆ ತಕ್ಕಂತೆ ಉಳಿದರೆ ಎಂಜಿನ್ ತಪ್ಪಲ್ಲ. ಉದ್ದನೆಯ ತಿರುವಿನಲ್ಲಿ ಎಡಕ್ಕೆ ಹೋಗುವಾಗ ಹೆಚ್ಚಾಗಿ, ಬಲಕ್ಕೆ ಹೋಗುವಾಗ ಕಡಿಮೆಯಾದರೆ ಬಲಬದಿಯ ಬೇರಿಂಗ್ ಮೇಲೆ ಅನುಮಾನ ಪಡಿ, ಏಕೆಂದರೆ ಎಡಕ್ಕೆ ತಿರುಗುವಾಗ ಭಾರ ಬಲಕ್ಕೆ ವಾಲುತ್ತದೆ.

ಆಮೇಲೆ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರವನ್ನು ನಿಧಾನ ಕೈಯಲ್ಲಿ ತಿರುಗಿಸುತ್ತ, ಇನ್ನೊಂದು ಕೈಯ ಬೆರಳ ತುದಿಯನ್ನು ಆಕ್ಸಲ್ ಕೊಳವೆಯ ಹೊರತುದಿಯ ಮೇಲಿಡಿ. ಕಿವಿಗಿಂತ ಬೆರಳು ಮೊದಲು ಹೇಳುತ್ತದೆ. ಒಳ್ಳೆಯ ಬೇರಿಂಗ್ ಎಣ್ಣೆಯಲ್ಲಿ ಜಾರಿದಂತಿರುತ್ತದೆ. ಕೆಟ್ಟದ್ದು ಬೀಸುಕಲ್ಲಿನಲ್ಲಿ ಮರಳು ಸಿಕ್ಕಂತೆ ಗರಗರ ಎಂದು ಕೊಳವೆಯ ಉದ್ದಕ್ಕೂ ಬರುತ್ತದೆ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಹೌಸಿಂಗ್‌ಗೆ, ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿಯೂ ಕೇಳಬಹುದು.

ಚಕ್ರ ಹಿಡಿದು ಅಲ್ಲಾಡಿಸಿದರೆ ಆಟ ಇದೆ. ಬೇರಿಂಗ್ ಹೋಯಿತಾ?

ಹೋಗಿರಲಿಕ್ಕಿಲ್ಲ. ಸ್ವಿಂಗ್ ಆಕ್ಸಲ್‌ನಲ್ಲಿ ಇಡೀ ಕೊಳವೆ ಗೇರ್‌ಬಾಕ್ಸ್ ಬಳಿ ಕೀಲಿನಂತೆ ಆಡುತ್ತದೆ. ಆ ಆಟವನ್ನೇ ಬೇರಿಂಗ್‌ನ ಆಟ ಎಂದುಕೊಂಡು ಮೋಸ ಹೋಗುವವರು ಬಹಳ. ಸ್ನೇಹಿತರೊಬ್ಬರು ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಲಿ, ನೀವು ಡ್ರಮ್ ಮತ್ತು ಅದರ ಹಿಂದಿರುವ ಬ್ಯಾಕಿಂಗ್ ಪ್ಲೇಟ್ ನಡುವಿನ ಸಂದನ್ನು ನೋಡಿ. ಎರಡೂ ಒಟ್ಟಿಗೆ ಆಡಿದರೆ ದೋಷ ಕೊಳವೆಯ ಒಳತುದಿಯಲ್ಲೋ, ಸ್ಪ್ರಿಂಗ್ ಪ್ಲೇಟಿನ ಬುಶ್‌ನಲ್ಲೋ ಇದೆ. ಪ್ಲೇಟ್ ಸುಮ್ಮನಿದ್ದು ಡ್ರಮ್ ಮಾತ್ರ ಆಡಿದರೆ ಎರಡೇ ಸಾಧ್ಯತೆ: ಬೇರಿಂಗ್ ಸವೆದಿದೆ, ಇಲ್ಲವೇ ಆಕ್ಸಲ್ ತುದಿಯ ದೊಡ್ಡ ನಟ್ ಸಡಿಲಾಗಿದೆ.

ಮೊದಲು ನಟ್ ನೋಡಿ. ನಟ್ ತಿರುಗದಂತೆ ತಡೆಯುವ ಪಿನ್ ತೆಗೆದು, ಸರಿಯಾದ ಟಾರ್ಕ್‌ಗೆ (ತಿರುಚು ಬಲಕ್ಕೆ) ಬಿಗಿದು, ಮತ್ತೆ ಅಲ್ಲಾಡಿಸಿ. ಅಷ್ಟಕ್ಕೇ ಆಟ ಹೋದರೂ ನೆಮ್ಮದಿಯಿಂದ ಬಿಡಬೇಡಿ. ಎಷ್ಟು ದಿನ ಸಡಿಲವಾಗಿ ಓಡಿದೆಯೋ ಗೊತ್ತಿಲ್ಲವಾದ್ದರಿಂದ ಡ್ರಮ್ ಕಳಚಿ ಸ್ಪ್ಲೈನ್ (ಡ್ರಮ್ಮನ್ನು ಶಾಫ್ಟಿಗೆ ಹಿಡಿಸುವ ಹಲ್ಲುಗಳು) ನೋಡಲೇಬೇಕು.

ಆ ನಟ್‌ಗೆ ಯಾಕಿಷ್ಟು ಮಹತ್ವ? ಅದು ಚಕ್ರ ಬೀಳದಂತೆ ಹಿಡಿಯುವುದಕ್ಕಲ್ಲವೇ?

ನಾನು ಹಾಗೆಂದುಕೊಂಡೇ ಕೆಟ್ಟೆ. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ.

ಆಕ್ಸಲ್ ಶಾಫ್ಟಿನ ಮೇಲೆ ಭಾಗಗಳು ಬಳೆ ತೊಡಿಸಿದಂತೆ ಸಾಲಾಗಿ ಕೂರುತ್ತವೆ. ಒಳಗೆ ಶಾಫ್ಟಿನ ಹೆಗಲು, ಅದಕ್ಕೆ ತಾಗಿ ಒಳ ಸ್ಪೇಸರ್, ನಂತರ ಬೇರಿಂಗ್‌ನ ಒಳಬಳೆ, ನಂತರ ಹೊರ ಸ್ಪೇಸರ್, ನಂತರ ಡ್ರಮ್‌ನ ಗುಂಬ, ಕೊನೆಗೆ ನಟ್. ನಟ್ ಬಿಗಿದಾಗ ಈ ಇಡೀ ಸಾಲು ಒಂದಕ್ಕೊಂದು ಅವುಚಿಕೊಂಡು ಒಂದೇ ಕಂಬದಂತಾಗಬೇಕು. ಆಗ ಮಾತ್ರ ಬೇರಿಂಗ್‌ನ ಒಳಬಳೆ ಶಾಫ್ಟಿನ ಜೊತೆಗೇ ತಿರುಗುತ್ತದೆ. ನಟ್ ಸ್ವಲ್ಪ ಸಡಿಲವಿದ್ದರೆ ಶಾಫ್ಟ್ ಒಳಬಳೆಯೊಳಗೆ ಜಾರಲು ಶುರುಮಾಡುತ್ತದೆ, ಸ್ಪೇಸರ್‌ಗಳ ಮುಖ ಸವೆಯುತ್ತದೆ, ಸವೆದಷ್ಟೂ ಸಾಲು ಇನ್ನಷ್ಟು ಸಡಿಲಾಗುತ್ತದೆ. ಡ್ರಮ್‌ನ ಸ್ಪ್ಲೈನ್ ಹಿಂದೆ ಮುಂದೆ ಬಡಿದುಕೊಳ್ಳುತ್ತದೆ. ಬೇರಿಂಗ್ ಹೋಗುವುದು ಕೊನೆಗೆ. ಜನ ಬದಲಾಯಿಸುವುದು ಬೇರಿಂಗ್ ಒಂದನ್ನೇ.

ಬೀಟಲ್‌ನ ಸ್ವಿಂಗ್ ಆಕ್ಸಲ್‌ನಲ್ಲಿ ಈ ನಟ್‌ಗೆ 217 ಪೌಂಡ್-ಅಡಿ, ಅಂದರೆ ಸುಮಾರು 294 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಚಕ್ರದ ಬೋಲ್ಟಿನ ಟಾರ್ಕ್ ಇದರ ಹತ್ತಿರಕ್ಕೂ ಬರುವುದಿಲ್ಲ. ನಾನು ಗಾಡಿ ಕೊಳ್ಳುವ ಮೊದಲು ಹಿಂದಿನ ಮಾಲೀಕರು ಒಂದು ವರ್ಕ್‌ಶಾಪ್‌ನಲ್ಲಿ ಎರಡೂ ಬೇರಿಂಗ್ ಹಾಕಿಸಿದ್ದರು. ಎಡಬದಿಯಲ್ಲಿ ಆಟ ಕಂಡು ನಾನು ಇನ್ನೊಂದು ಹೊಸ ಬೇರಿಂಗ್ ಹಾಕಿದೆ, ಕೈಗೆ ಸಿಕ್ಕ ಉದ್ದದ ಹಿಡಿಯಿಂದ ಶಕ್ತಿ ಇದ್ದಷ್ಟು ಬಿಗಿದೆ. ಕೆಲವೇ ತಿಂಗಳಲ್ಲಿ ಸದ್ದು ಮರಳಿತು. ಡ್ರಮ್ ಕಳಚಿದಾಗ ಸ್ಪ್ಲೈನಿನ ಹಲ್ಲುಗಳ ನಡುವೆ ಕಾವಿಯಂಥ ನುಣ್ಣನೆಯ ಕೆಂಪು ಪುಡಿ. ಬೆರಳಿಗೆ ಹತ್ತಿದರೆ ತೊಳೆದರೂ ಹೋಗದಂಥದ್ದು. ಹೊರ ಸ್ಪೇಸರ್‌ನ ಮುಖದಲ್ಲಿ ಕನ್ನಡಿಯಂತೆ ಹೊಳೆಯುವ ಉಂಗುರ. ಉಕ್ಕಿಗೆ ಉಕ್ಕು ಸಣ್ಣಗೆ ಉಜ್ಜಿ ಉದುರಿಸಿದ ಪುಡಿ ಅದು. ಅದನ್ನು ಕಂಡರೆ ನಟ್ ಸಡಿಲಿತ್ತು ಎಂದು ಬೇರೆ ಸಾಕ್ಷಿ ಬೇಡ. ಬೇರಿಂಗ್ ಜೊತೆ ಡ್ರಮ್ಮೂ ಎರಡೂ ಸ್ಪೇಸರ್‌ಗಳೂ ಹೊಸದಾಗಬೇಕಾಯಿತು.

ಯಾವ ಬೇರಿಂಗ್ ತರಬೇಕು?

ಸ್ವಿಂಗ್ ಆಕ್ಸಲ್‌ಗೆ 6306. ಒಳವ್ಯಾಸ 30 ಮಿ.ಮೀ., ಹೊರವ್ಯಾಸ 72 ಮಿ.ಮೀ., ಅಗಲ 19 ಮಿ.ಮೀ. ಸಂಖ್ಯೆಯನ್ನು ಓದಲು ಕಲಿತರೆ ಅಂಗಡಿಯಲ್ಲಿ ಯಾರೂ ನಿಮಗೆ ತಪ್ಪು ಮಾಲು ಕೊಡಲಾರರು: 6 ಎಂದರೆ ಒಂದು ಸಾಲಿನ ಆಳ ತೋಡಿನ ಬಾಲ್ ಬೇರಿಂಗ್, 3 ಎಂದರೆ ಮಧ್ಯಮ ಗಾತ್ರದ ಸರಣಿ, ಕೊನೆಯ 06ನ್ನು ಐದರಿಂದ ಗುಣಿಸಿದರೆ ಒಳವ್ಯಾಸ. ಮುಂದೆ ಸಿ3 ಎಂದಿದ್ದರೆ ಒಳಗಿನ ಸಡಿಲ ಸಾಮಾನ್ಯಕ್ಕಿಂತ ತುಸು ಹೆಚ್ಚು ಎಂದರ್ಥ.

ಇದು ಬೀಟಲ್‌ಗೆಂದೇ ಮಾಡಿದ ವಿಶೇಷ ವಸ್ತುವಲ್ಲ. ಊರಲ್ಲಿ ತೋಟದ ಬಾವಿಯ ಐದು ಎಚ್‌ಪಿ ಮೋಟರ್‌ಗಳಲ್ಲಿ ಎಷ್ಟೋ ಇದೇ 6306ರ ಮೇಲೆ ತಿರುಗುತ್ತವೆ. ಮೋಟರ್ ರೀವೈಂಡಿಂಗ್ ಅಂಗಡಿಯ ಕಪಾಟಿನಲ್ಲಿ ಇದರ ಡಬ್ಬಿ ಇದ್ದೇ ಇರುತ್ತದೆ. ಹಾಗಾಗಿ ಬಗ್ಗಿಯ ಭಾಗ ಮಾರುವವರಲ್ಲೇ ಕೊಳ್ಳಬೇಕೆಂದಿಲ್ಲ. ಒಳ್ಳೆಯ ಹೆಸರಿನ ಕಂಪನಿಯದ್ದನ್ನು ನಂಬಿಕೆಯ ಬೇರಿಂಗ್ ವ್ಯಾಪಾರಿಯಿಂದ ತನ್ನಿ. ನಕಲಿ ಡಬ್ಬಿಗಳು ಎಲ್ಲ ದೇಶದಲ್ಲೂ ಇವೆ. ಅರ್ಧ ಬೆಲೆಗೆ ಸಿಕ್ಕರೆ ಬಿಟ್ಟು ಬನ್ನಿ.

ರಬ್ಬರ್ ಮುಚ್ಚಳವಿರುವ ಬೇರಿಂಗ್ ಹಾಕಿದರೆ ಮರಳು ಒಳಗೆ ಹೋಗುವುದಿಲ್ಲ, ಅಲ್ಲವೇ?

ಬೇಡ. ಟೂ ಆರ್‌ಎಸ್ ಎಂದು ಬರೆದಿರುವ ಮುಚ್ಚಿದ ಬೇರಿಂಗ್ ತನ್ನೊಳಗಿನ ಚೂರು ಗ್ರೀಸನ್ನೇ ನಂಬಿರುತ್ತದೆ. ಇಲ್ಲಿ ಬೇರಿಂಗ್‌ಗೆ ಗೇರ್ ಎಣ್ಣೆ ತಾಗಬೇಕು. ತೆರೆದದ್ದೇ ಸರಿ. ಮುಚ್ಚಿದ್ದೇ ಸಿಕ್ಕಿದರೆ ಎರಡೂ ಬದಿಯ ರಬ್ಬರನ್ನು ತೆಳ್ಳನೆಯ ಮೊನೆಯಿಂದ ಎಬ್ಬಿಸಿ ತೆಗೆದು, ಒಳಗಿನ ಗ್ರೀಸ್ ತೊಳೆದು ಹಾಕಬಹುದು. ಮರಳನ್ನು ತಡೆಯುವುದು ಹೊರಗಿನ ಆಯಿಲ್ ಸೀಲ್‌ನ ಕೆಲಸ.

ಬೇರಿಂಗ್ ಜೊತೆ ಇನ್ನೇನು ತರಬೇಕು?

ಒಂದೊಂದು ಬದಿಗೆ ಒಂದೊಂದು ಸೀಲ್ ಕಿಟ್: ಆಯಿಲ್ ಸೀಲ್, ದೊಡ್ಡದೊಂದು ಚಿಕ್ಕದೊಂದು ಓ-ರಿಂಗ್, ಪೇಪರ್ ಗ್ಯಾಸ್ಕೆಟ್, ಸ್ಪ್ಲಿಟ್ ಪಿನ್. ಹೊರ ಸ್ಪೇಸರ್ ಹೊಸದನ್ನೇ ತನ್ನಿ. ಸೀಲಿನ ತುಟಿ ಅದರ ಮೈಮೇಲೆಯೇ ಉಜ್ಜುವುದರಿಂದ ವರ್ಷಗಳಲ್ಲಿ ಅಲ್ಲೊಂದು ಗೀರು ಬಿದ್ದಿರುತ್ತದೆ. ಉಗುರು ಆಡಿಸಿದರೆ ತಡೆಯುವಷ್ಟು ಗೀರಿದ್ದರೆ ಎಷ್ಟೇ ಹೊಸ ಸೀಲ್ ಹಾಕಿದರೂ ಎಣ್ಣೆ ಸೋರುತ್ತದೆ. ಗೇರ್ ಎಣ್ಣೆ ಎಸ್‌ಎಇ 90 ಹೈಪಾಯ್ಡ್, ಜಿಎಲ್-4. ಬದಲಾಯಿಸುವಾಗ ಎರಡೂವರೆ ಲೀಟರ್ ಹಿಡಿಯುತ್ತದೆ.

ಡ್ರಮ್ ಕೊಳ್ಳುವುದಾದರೆ ಎಚ್ಚರ. 1967ರ ಮಾದರಿಯಲ್ಲಿ ಹಿಂಬದಿಯ ಟ್ರ್ಯಾಕ್ (ಎರಡು ಚಕ್ರಗಳ ನಡುವಿನ ಅಗಲ) ಹೆಚ್ಚಾಯಿತು, ಆಕ್ಸಲ್ ಉದ್ದವಾಯಿತು. 1968ರಲ್ಲಿ ಐದು ಬೋಲ್ಟಿನ ಚಕ್ರ ಹೋಗಿ ನಾಲ್ಕು ಬೋಲ್ಟಿನದು ಬಂತು. ಹಳೆಯ ಡ್ರಮ್ಮನ್ನು ಪಕ್ಕದಲ್ಲಿಟ್ಟು ಹೋಲಿಸದೆ ಹೊಸದಕ್ಕೆ ದುಡ್ಡು ಕೊಡಬೇಡಿ.

ನಟ್ ಬಿಚ್ಚಲು ಬರುತ್ತಿಲ್ಲ. ಏನು ಮಾಡಲಿ?

36 ಮಿ.ಮೀ.ಯ ಆರು ಮೂಲೆಯ ಸಾಕೆಟ್, ಮುಕ್ಕಾಲು ಇಂಚು ಡ್ರೈವ್‌ನ ಗಟ್ಟಿ ಹಿಡಿ, ಅದರ ಮೇಲೆ ತೊಡಿಸಲು ಒಂದು ಮೀಟರಿಗಿಂತ ಉದ್ದನೆಯ ಪೈಪು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಗಾಡಿ ನೆಲದ ಮೇಲೇ ಇರಬೇಕು. ಎತ್ತಿ ನಿಲ್ಲಿಸಿದ ಗಾಡಿಯ ಮೇಲೆ ಇಷ್ಟು ಬಲ ಹಾಕಿದರೆ ಅದು ಸ್ಟ್ಯಾಂಡಿನಿಂದ ಕೆಳಗೆ ಬರುತ್ತದೆ. ಬಗ್ಗಿ ಬೀಟಲ್‌ಗಿಂತ ಹಗುರವಾದ್ದರಿಂದ ನೆಲದ ಮೇಲಿದ್ದರೂ ಉರುಳಲು ನೋಡುತ್ತದೆ. ಮೊದಲ ಗೇರ್, ಹ್ಯಾಂಡ್‌ಬ್ರೇಕ್, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಟ್ಟೆ, ಸೀಟಿನಲ್ಲಿ ಒಬ್ಬರು ಬ್ರೇಕ್ ತುಳಿದು ಕೂರಲಿ.

ಹಿಂಬದಿಯ ಎರಡೂ ನಟ್‌ಗಳು ಮಾಮೂಲಿ ಮರೆಯವೇ (ಥ್ರೆಡ್ಡಿನವೇ). ಎಡಬದಿ ಉಲ್ಟಾ ಎಂದು ಯಾರಾದರೂ ಹೇಳಿದರೆ ಅದು ಮುಂದಿನ ಎಡಚಕ್ರದ ಮಾತು.

ಅಲಾಯ್ ಚಕ್ರದ ನಡುವೆ ಸಾಕೆಟ್ ಹೋಗುವಷ್ಟು ತೂತಿಲ್ಲದಿದ್ದರೆ ಚಕ್ರ ಕಳಚಲೇಬೇಕು. ಆಗ ಉದ್ದನೆಯ ದಪ್ಪ ಕಬ್ಬಿಣದ ಪಟ್ಟಿಯೊಂದನ್ನು ಎರಡು ಚಕ್ರದ ಬೋಲ್ಟುಗಳಿಂದ ಡ್ರಮ್‌ಗೆ ಬಿಗಿದು, ಅದರ ತುದಿ ನೆಲಕ್ಕೆ ಊರುವಂತೆ ಮಾಡಿ. ಡ್ರಮ್ ತಿರುಗುವುದಿಲ್ಲ, ಗಾಡಿಯ ಮೇಲೂ ಬಲ ಬೀಳುವುದಿಲ್ಲ. ಉಳಿ ಸುತ್ತಿಗೆ ಹಿಡಿದು ನಟ್‌ನ ಅಂಚಿಗೆ ಹೊಡೆಯುವವರನ್ನು ನೋಡಿದ್ದೇನೆ. ಅದರಿಂದ ನಟ್ಟೂ ಹಾಳು, ಮರೆಯೂ ಹಾಳು.

ನಟ್ ಬಂತು, ಡ್ರಮ್ ಬರುತ್ತಿಲ್ಲ.

ಬ್ರೇಕ್ ಶೂಗಳ ಅಡ್ಜಸ್ಟರ್ ಸಡಿಲಿಸಿ, ಹ್ಯಾಂಡ್‌ಬ್ರೇಕ್ ಬಿಡಿ. ಆಮೇಲೂ ಬಾರದಿದ್ದರೆ ಬೋಲ್ಟಿನ ತೂತುಗಳಿಗೆ ಹಿಡಿಯುವ ಪುಲ್ಲರ್ ಹಾಕಿ, ಬಿಗಿದು, ಹಾಗೇ ಸ್ವಲ್ಪ ಹೊತ್ತು ಬಿಡಿ. ಕೆಲವೊಮ್ಮೆ ನೀವು ಚಹಾ ಕುಡಿಯುವಾಗ ತಾನೇ ಟಣ್ ಎಂದು ಬಿಡುತ್ತದೆ. ಶಾಫ್ಟಿನ ತುದಿಗೆ ಸುತ್ತಿಗೆ ಏಟು ಹಾಕಬೇಡಿ. ಆ ಏಟು ನೇರ ಗೇರ್‌ಬಾಕ್ಸ್‌ನೊಳಗೆ ಹೋಗಿ ಬೀಳುತ್ತದೆ.

ಬೇರಿಂಗ್ ತೆಗೆದರೆ ಗೇರ್ ಎಣ್ಣೆ ಸುರಿಯುತ್ತದೆಯೇ?

ಸುರಿಯುತ್ತದೆ. ಗಾಡಿ ಎತ್ತಿದಾಗ ಸ್ವಿಂಗ್ ಆಕ್ಸಲ್ ಜೋತುಬಿದ್ದು ಚಕ್ರದ ತುದಿ ತಗ್ಗಾಗುತ್ತದೆ, ಎಣ್ಣೆ ಅಲ್ಲಿಗೇ ಓಡಿ ಬರುತ್ತದೆ. ಕೊಳವೆಯ ಕೆಳಗೆ ಜಾಕ್ ಇಟ್ಟು ತುದಿ ಮೇಲೆತ್ತಿದರೆ ಕಡಿಮೆ ಆಗುತ್ತದೆ. ನನ್ನ ಸಲಹೆ ಎಣ್ಣೆ ಪೂರ್ತಿ ಇಳಿಸುವುದು. ಬೇರಿಂಗ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಎಣ್ಣೆ, ಆದ್ದರಿಂದ ಬೇರಿಂಗ್ ಉದುರಿಸಿದ ಉಕ್ಕಿನ ಚೂರು ಗೇರ್‌ಗಳ ನಡುವೆ ತಿರುಗುತ್ತಿರುತ್ತದೆ. ಹಳೆ ಎಣ್ಣೆಯಲ್ಲಿ ಹೊಸ ಬೇರಿಂಗ್ ಓಡಿಸುವುದು ಅನ್ಯಾಯ.

ಮೊದಲು ತುಂಬಿಸುವ ಪ್ಲಗ್ ಬಿಚ್ಚಿ, ಆಮೇಲೆ ಇಳಿಸುವ ಪ್ಲಗ್. ಎರಡಕ್ಕೂ 17 ಮಿ.ಮೀ. ಅಲೆನ್ ಕೀ. ಇಳಿಸಿಯಾದ ಮೇಲೆ ಮೇಲಿನದು ಬಿಚ್ಚಲಾಗದಿದ್ದರೆ ಗಾಡಿ ಅಲ್ಲೇ ಕೂರುತ್ತದೆ.

ಹಳೆ ಬೇರಿಂಗ್ ತೆಗೆಯುವುದು ಹೇಗೆ?

ಬೇರಿಂಗ್ ಕವರಿನ ನಾಲ್ಕು ಬೋಲ್ಟ್ ಬಿಚ್ಚಿ ಕವರ್ ಎಳೆಯಿರಿ. ಹೊರ ಸ್ಪೇಸರ್, ವಾಷರ್, ಓ-ರಿಂಗ್ ಒಂದೊಂದಾಗಿ ಬರುತ್ತವೆ. ಬಂದ ಕ್ರಮದಲ್ಲೇ, ಬಂದ ಮುಖವೇ ಮೇಲಾಗುವಂತೆ ಒಂದು ತಂತಿಗೆ ಪೋಣಿಸುತ್ತ ಹೋಗಿ. ಫೋನಿನಲ್ಲಿ ಫೋಟೋ ತೆಗೆದರೂ ತಂತಿ ಬಿಡಬೇಡಿ. ಫೋಟೋದಲ್ಲಿ ಯಾವ ಅಂಚು ಓರೆ, ಯಾವುದು ನೇರ ಎಂದು ಕಾಣುವುದಿಲ್ಲ.

ಬೇರಿಂಗ್‌ನ ಹಿಂದೆ ಕೊಕ್ಕೆ ಹಾಕಿ ಎಳೆಯುವ ಪುಲ್ಲರ್ ಬೇಕು. ತಿಂಗಳಿಗೊಮ್ಮೆಯೂ ಬಳಸದ ಉಪಕರಣ, ಬಾಡಿಗೆಗೆ ತಂದರೆ ಸಾಕು. ಎಳೆಯುವಾಗ ಹೊರಬಳೆ ಹೌಸಿಂಗ್‌ನಲ್ಲೇ ಉಳಿದು ಗುಂಡುಗಳು ಉದುರಿದರೆ ಒಂದೊಂದನ್ನೂ ಎಣಿಸಿ ಹೆಕ್ಕಿ. ಒಂದು ಗುಂಡು ಕೊಳವೆಯೊಳಗೆ ಉರುಳಿ ಹೋದರೆ ಅದು ಗೇರ್‌ಗಳ ಕಡೆಗೆ ಹೋಗಿದೆ ಎಂದರ್ಥ.

ತೆಗೆದ ಬೇರಿಂಗ್‌ನ್ನು ಎಸೆಯುವ ಮೊದಲು ತೊಳೆದು ಬೆಳಕಿಗೆ ಹಿಡಿದು ನೋಡಿ. ಓಡುವ ಹಾದಿಯಲ್ಲಿ ಸಮದೂರಕ್ಕೆ ಚುಕ್ಕೆ ಚುಕ್ಕೆ ಗುಳಿ ಬಿದ್ದಿದ್ದರೆ ಹಿಂದೆ ಹಾಕಿದವರು ಸುತ್ತಿಗೆಯಿಂದ ಬಡಿದು ಕೂರಿಸಿದ್ದಾರೆ. ಕಂದು ಕಲೆಗಳಿದ್ದರೆ ನೀರು ಹೊಕ್ಕಿದೆ. ಒಳಬಳೆಯ ಒಳಮೈ ಹೊಳೆದು ಗೀರಾಗಿದ್ದರೆ ಶಾಫ್ಟ್ ಒಳಗೆ ಜಾರಿದೆ, ಅಂದರೆ ಮತ್ತೆ ಅದೇ ನಟ್.

ಹೊಸ ಬೇರಿಂಗ್ ಕೂರಿಸುವಾಗ ಬಿಸಿ ಮಾಡಲೇ, ಫ್ರೀಜರ್‌ನಲ್ಲಿಡಲೇ?

ಎರಡೂ ಬೇಡ. ಈ ಬೇರಿಂಗ್ ಒಂದೇ ಕಾಲಕ್ಕೆ ಎರಡು ಕಡೆ ಕೂರಬೇಕು: ಒಳಬಳೆ ಶಾಫ್ಟಿನ ಮೇಲೆ, ಹೊರಬಳೆ ಹೌಸಿಂಗ್‌ನ ಒಳಗೆ. 80 ಡಿಗ್ರಿಯಷ್ಟು ಬಿಸಿ ಏರಿಸಿದರೆ 30 ಮಿ.ಮೀ.ಯ ತೂತು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ಹಿಗ್ಗಿ ಶಾಫ್ಟಿನ ಮೇಲೆ ಸಲೀಸಾಗುತ್ತದೆ ನಿಜ. ಆದರೆ 72 ಮಿ.ಮೀ.ಯ ಹೊರಬಳೆ ನೂರರಲ್ಲಿ ಏಳು ಭಾಗ ಹಿಗ್ಗಿ ಹೌಸಿಂಗ್‌ಗೆ ಹೋಗುವುದೇ ಇಲ್ಲ. ಫ್ರೀಜರ್‌ನಲ್ಲಿಟ್ಟರೆ ಇದರ ಉಲ್ಟಾ.

ಶಾಫ್ಟನ್ನೂ ಹೌಸಿಂಗ್‌ನ್ನೂ ಕನ್ನಡಿಯಂತೆ ಶುಚಿ ಮಾಡಿ, ತೆಳ್ಳಗೆ ಎಣ್ಣೆ ಸವರಿ, ನೇರ ಹಿಡಿದು ಒತ್ತಿ. ಒತ್ತುವ ವಸ್ತು ಒಳಬಳೆಗೂ ಹೊರಬಳೆಗೂ ಒಟ್ಟಿಗೇ ತಾಗಬೇಕು. ನಡುವೆ 30 ಮಿ.ಮೀ.ಗಿಂತ ತುಸು ದೊಡ್ಡ ತೂತು ಕೊರೆದ ದಪ್ಪ ಉಕ್ಕಿನ ಬಿಲ್ಲೆ, ಅದರ ಹಿಂದೆ ಪೈಪಿನ ತುಂಡು, ಅದರ ಹಿಂದೆ ಆಕ್ಸಲ್‌ನ ನಟ್ಟೇ. ನಟ್ ತಿರುಗಿಸಿದಂತೆ ಬೇರಿಂಗ್ ಒಳಗೆ ಸರಿಯುತ್ತದೆ. ಬಿಲ್ಲೆ ಇಲ್ಲದೆ ಒಳಬಳೆಯನ್ನಷ್ಟೇ ತಳ್ಳಿದರೆ ಹೊರಬಳೆಯನ್ನು ಎಳೆದೊಯ್ಯುವ ಬಲವೆಲ್ಲ ಗುಂಡುಗಳ ಮೂಲಕ ಹಾಯುತ್ತದೆ, ಮೇಲೆ ಹೇಳಿದ ಗುಳಿಗಳು ಮೊದಲ ದಿನವೇ ಬೀಳುತ್ತವೆ.

ಬೇರಿಂಗ್‌ಗೆ ಎರಡು ಮುಖವೂ ಒಂದೇ. ಆದರೂ ಸಂಖ್ಯೆ ಕೆತ್ತಿದ ಮುಖ ಹೊರಗಿರಲಿ. ಮುಂದೆ ಬಿಚ್ಚುವವರು ಓದಿಕೊಳ್ಳಲಿ.

ಸೀಲ್ ಮತ್ತು ಕವರ್ ಕೂರಿಸುವಾಗ ಏನು ನೋಡಬೇಕು?

ತಂತಿಯಲ್ಲಿ ಪೋಣಿಸಿದ್ದನ್ನು ಹಿಂದುಮುಂದಾಗಿ ತೊಡಿಸುತ್ತ ಬನ್ನಿ. ಬೇರಿಂಗ್ ಮತ್ತು ಹೊರ ಸ್ಪೇಸರ್ ನಡುವೆ ಬರುವ ಚಿಕ್ಕ ಓ-ರಿಂಗ್ ಮರೆಯಬೇಡಿ. ನನ್ನ ಗಾಡಿಯ ಬಲಬದಿಯಲ್ಲಿ ಅದು ಇರಲೇ ಇಲ್ಲ. ಸೀಲ್ ಚೆನ್ನಾಗಿದ್ದರೂ ಎಣ್ಣೆ ಸ್ಪೇಸರ್‌ನ ಒಳಗಿನಿಂದ ಸ್ಪ್ಲೈನ್ ಹಿಡಿದು ಹೊರಬಂದು ಚಕ್ರದ ಒಳಮೈ ತುಂಬ ಕಪ್ಪು ಗೆರೆ ಎಳೆದಿತ್ತು. ಸೀಲಿನ ತುಟಿಗೂ ಸ್ಪೇಸರ್‌ನ ಮೈಗೂ ಎಣ್ಣೆ ಸವರಿ, ಒಣ ತುಟಿ ಮೊದಲ ಸುತ್ತಿನಲ್ಲೇ ಸುಡುತ್ತದೆ. ಕವರಿನಲ್ಲಿರುವ ಸಣ್ಣ ಎಣ್ಣೆ ಹರಿಯುವ ಕಂಡಿ ಕೆಳಮುಖವಾಗಿರಬೇಕು. ಮುಂದೆಂದೋ ಸೋರಿದರೆ ಎಣ್ಣೆ ಬ್ರೇಕ್ ಶೂ ಮೇಲೆ ಬೀಳದೆ ಹೊರಗೆ ಹರಿಯಲೆಂದೇ ಆ ಕಂಡಿ.

ಅಷ್ಟು ದೊಡ್ಡ ಟಾರ್ಕ್ ರೆಂಚ್ ನನ್ನಲ್ಲಿಲ್ಲ.

ಬಾಡಿಗೆಗೆ ತನ್ನಿ. ಸಿಗದಿದ್ದರೆ ಲೆಕ್ಕ ಇದೆ. ನಿಮ್ಮ ತೂಕ 75 ಕಿಲೋ ಎಂದುಕೊಳ್ಳಿ. ನೆಲಕ್ಕೆ ಸಮನಾಗಿ ಚಾಚಿದ ಹಿಡಿಯ ಮೇಲೆ, ನಟ್‌ನ ನಡುವಿನಿಂದ 40 ಸೆಂ.ಮೀ. ದೂರದಲ್ಲಿ ಪೂರ್ತಿ ತೂಕ ಬಿಟ್ಟು ನಿಂತರೆ ಸುಮಾರು 294 ನ್ಯೂಟನ್ ಮೀಟರ್. 60 ಕಿಲೋದವರಾದರೆ 50 ಸೆಂ.ಮೀ. ಹಿಡಿಯ ಮೇಲೆ ಬಳಪದಿಂದ ಗುರುತು ಹಾಕಿ, ಗೋಡೆ ಹಿಡಿದು ನಿಧಾನ ಹತ್ತಿ, ಕುಣಿಯಬೇಡಿ. ಟಾರ್ಕ್ ರೆಂಚ್‌ನಷ್ಟು ನಿಖರವಲ್ಲ, ಆದರೆ ಅಂದಾಜಿಗಿಂತ ಎಷ್ಟೋ ಮೇಲು. ಇಂಪ್ಯಾಕ್ಟ್ ಗನ್ನಿನಲ್ಲಿ ಬಿಗಿಯುವವರಿಗೆ ಎಷ್ಟು ಬಿಗಿದೆವೆಂದು ಅವರಿಗೇ ತಿಳಿಯದು.

ಟಾರ್ಕ್ ಮುಟ್ಟಿತು, ಆದರೆ ಪಿನ್ನಿನ ತೂತು ಸಾಲಿಗೆ ಬರುತ್ತಿಲ್ಲ.

ನಟ್‌ನ ಮುಂದಿನ ಕಂಡಿಗೆ ಬಿಗಿಯಿರಿ. ಎಂದಿಗೂ ಹಿಂದಕ್ಕೆ ಸಡಿಲಿಸಬೇಡಿ.

ಅಗಲ ಚಕ್ರ ಹಾಕಿದ್ದರಿಂದ ಬೇರಿಂಗ್ ಬೇಗ ಹೋಗುತ್ತದೆಯೇ?

ಹೋಗುತ್ತದೆ. ಬೀಟಲ್‌ನ ಮೂಲ ಚಕ್ರದ ಅಗಲ 4 ಅಥವಾ 4½ ಇಂಚು. ಅದರ ನಡುಗೆರೆಗೆ ತಕ್ಕಂತೆ ಬೇರಿಂಗ್ ಇಟ್ಟಿದ್ದಾರೆ. ಬಗ್ಗಿಗೆ 8, 10 ಇಂಚಿನ ಚಕ್ರ ಹಾಕಿ ಹೊರಗೆ ಚಾಚುತ್ತೇವೆ. ಒಂದು ಹಿಂಚಕ್ರದ ಮೇಲೆ 200 ಕಿಲೋ ಭಾರವಿದ್ದು ಚಕ್ರದ ನಡುಗೆರೆ 5 ಸೆಂ.ಮೀ. ಹೊರಗೆ ಸರಿದರೂ ಸುಮಾರು 98 ನ್ಯೂಟನ್ ಮೀಟರಿನಷ್ಟು ಹೆಚ್ಚಿನ ಬಾಗು ಬಲ ಆ ಒಂದೇ ಬೇರಿಂಗ್ ಮೇಲೆ ಬೀಳುತ್ತದೆ, ಅದೂ ಗಾಡಿ ನಿಂತಿರುವಾಗ. ಮರಳುದಿಬ್ಬದ ಮೇಲಿಂದ ಹಾರಿ ಇಳಿದರೆ ಅದರ ಹಲವು ಪಟ್ಟು. ಅಗಲ ಚಕ್ರ ಬೇಡ ಎನ್ನುವುದಿಲ್ಲ, ಮರಳಿನಲ್ಲಿ ಅದಿಲ್ಲದೆ ಗಾಡಿ ಹೂತುಹೋಗುತ್ತದೆ. ಅಗಲದ ಬಹುಪಾಲು ಒಳಬದಿಗೆ ಬರುವಂಥ ಚಕ್ರ ಆರಿಸಿ, ವೀಲ್ ಸ್ಪೇಸರ್ ಹಾಕಿ ಇನ್ನಷ್ಟು ಹೊರಗೆ ತಳ್ಳಬೇಡಿ.

ಸಮುದ್ರದ ಅಂಚಿನ ನೀರಿನಲ್ಲಿ ಓಡಿಸಿದರೆ?

ದೂರ ಓಡಿ ಬಿಸಿಯಾದ ಹಬ್ ತಟ್ಟನೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ತುಟಿಯ ಸಂದಿನಿಂದ ಉಪ್ಪುನೀರನ್ನು ಒಳಗೆಳೆಯುತ್ತದೆ. ದೋಣಿ ಎಳೆಯುವ ಟ್ರೈಲರ್‌ಗಳ ಬೇರಿಂಗ್ ಹಾಳಾಗುವುದೂ ಹೀಗೇ. ನೀರಿಗಿಳಿಯುವ ಮೊದಲು ಗಾಡಿ ಆರಲು ಬಿಡಿ. ಇಳಿಸಿದ ಗೇರ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಆಗಲೇ ಒಳಗಿದೆ.

ಎರಡೂ ಬದಿ ಒಟ್ಟಿಗೇ ಬದಲಾಯಿಸಬೇಕೇ?

ಬೇರಿಂಗ್ ಚೆನ್ನಾಗಿದ್ದರೆ ಬೇಡ. ಆದರೆ ಇನ್ನೊಂದು ಬದಿಯ ನಟ್ ಅದೇ ದಿನ ಪರೀಕ್ಷಿಸಿ.

ಸದ್ದು ಮಾಡುತ್ತಿದ್ದರೂ ಇನ್ನೊಂದು ವಾರ ಓಡಿಸಬಹುದೇ?

ಬೇಡ. ಬೇರಿಂಗ್ ಒಡೆದರೆ ಡ್ರಮ್ ವಾಲುತ್ತದೆ, ಸೀಲ್ ಹರಿಯುತ್ತದೆ, ಗೇರ್ ಎಣ್ಣೆ ಬ್ರೇಕ್ ಶೂ ಮೇಲೆ ಸುರಿದು ಆ ಚಕ್ರಕ್ಕೆ ಬ್ರೇಕ್ ಇಲ್ಲವಾಗುತ್ತದೆ. ಬಗ್ಗಿಯಲ್ಲಿ ನಿಮ್ಮ ಸುತ್ತ ಫೈಬರ್‌ಗ್ಲಾಸ್ ಬಿಟ್ಟರೆ ಏನೂ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು.

ನನ್ನದು ಬಗ್ಗಿಯಲ್ಲ, ಲೋಟಸ್ ಸೆವೆನ್ ಮಾದರಿಯ ಕಿಟ್.

ಹಿಂಬದಿಯ ಹಬ್ ಯಾವ ಗಾಡಿಯದ್ದು ಎಂದು ಮೊದಲು ಪತ್ತೆ ಮಾಡಿ. ಬ್ರಿಟನ್ನಿನ ಕಿಟ್‌ಗಳಲ್ಲಿ ಫೋರ್ಡ್ ಸಿಯೆರಾ ಮತ್ತು ಮಾಜ್ಡಾ ಎಂಎಕ್ಸ್-5ರ ಭಾಗಗಳು ಹೆಚ್ಚು. ಹಳೆಯ ಎಂಎಕ್ಸ್-5ರ ಹಿಂಬದಿಯಲ್ಲಿ ಬೇರಿಂಗ್ ಪ್ರೆಸ್ ಹಾಕಿ ಕೂರಿಸಿದ್ದು. ಹಬ್ ಹೊರದೂಡಿದರೆ ಒಳಬಳೆಯ ಒಂದು ಭಾಗ ಹಬ್‌ಗೇ ಕಚ್ಚಿಕೊಂಡು ಬರುತ್ತದೆ, ಹಳೆ ಬೇರಿಂಗ್ ಮರಳಿ ಹಾಕುವ ಮಾತೇ ಇಲ್ಲ. ಹೈಡ್ರಾಲಿಕ್ ಪ್ರೆಸ್ ಇರುವ ಕಡೆಗೆ ಒಯ್ಯಿರಿ. ನಟ್ ಬಗ್ಗೆ ಮೇಲೆ ಹೇಳಿದ್ದು ಅಲ್ಲಿಗೂ ಸಲ್ಲುತ್ತದೆ, ಟಾರ್ಕ್ ಮಾತ್ರ ಆಯಾ ಗಾಡಿಯದ್ದು.

ಬೆಂಗಳೂರಿನಲ್ಲಿ ಇಂಥ ಗಾಡಿ ಕಟ್ಟಬಹುದೇ?

ಭಾಗ ಸಿಗುತ್ತದೆ, ಕೆಲಸ ಬಲ್ಲವರೂ ಜೆ.ಸಿ. ರಸ್ತೆಯ ಸುತ್ತಮುತ್ತ ಇದ್ದಾರೆ. ತೊಡಕು ಕಾಗದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ತಳ ಕತ್ತರಿಸಿ ಬಾಡಿ ಬದಲಿಸುವುದು ಅದೇ ಆಗುತ್ತದೆ. ರಸ್ತೆಗಿಳಿಸುವ ಆಸೆಯಿದ್ದರೆ ಗರಗಸ ಹಿಡಿಯುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ಕೆಲಸ ಮುಗಿಯಿತು. ಈಗೇನು?

ಎಣ್ಣೆ ತುಂಬಿದ್ದೀರಾ ನೋಡಿ, ತುಂಬುವ ತೂತಿನ ಅಂಚಿಗೆ ಮುಟ್ಟಬೇಕು. ಬ್ರೇಕ್ ಶೂ ಮತ್ತೆ ಹೊಂದಿಸಿ. ಹತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಎರಡೂ ಡ್ರಮ್‌ಗಳ ಹತ್ತಿರ ಅಂಗೈ ಒಯ್ದು ನೋಡಿ. ಎರಡೂ ಒಂದೇ ಸಮ ಬೆಚ್ಚಗಿರಬೇಕು. ಒಂದು ಬದಿ ಮುಟ್ಟಲಾರದಷ್ಟು ಕಾದಿದ್ದರೆ ಬ್ರೇಕ್ ಶೂ ಉಜ್ಜುತ್ತಿದೆಯೋ ಬೇರಿಂಗೋ ಎಂದು ಚಕ್ರ ಎತ್ತಿ ತಿರುಗಿಸಿ ತಿಳಿಯಿರಿ. ಸುಮಾರು 50 ಕಿಲೋಮೀಟರ್ ಆದ ಮೇಲೆ ಪಿನ್ ತೆಗೆದು ನಟ್‌ಗೆ ಮತ್ತೆ 294 ನ್ಯೂಟನ್ ಮೀಟರ್ ಹಾಕಿ. ಹೊಸ ಸ್ಪೇಸರ್‌ಗಳು ಮುಖಕ್ಕೆ ಮುಖ ಕೂತುಕೊಂಡಾಗ ಸಾಲು ಕೂದಲೆಳೆಯಷ್ಟು ಸಡಿಲಾಗುತ್ತದೆ. ನನ್ನದು ಎರಡನೇ ಸಲ ಹೆಚ್ಚುಕಡಿಮೆ ಒಂದು ಕಂಡಿಯಷ್ಟು ತಿರುಗಿತು. ಹೊಸ ಪಿನ್ ಹಾಕಿ, ಕಾಲುಗಳನ್ನು ಅಗಲಿಸಿ ಬಗ್ಗಿಸಿ, ನಟ್‌ನಿಂದ ಆಕ್ಸಲ್ ತುದಿಗೆ ಅಡ್ಡಲಾಗಿ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಪ್ರತಿ ಸಲ ಗಾಡಿ ಹೊರತೆಗೆಯುವಾಗ ಬಗ್ಗಿ ನೋಡಿದರೆ ಗೆರೆ ಮುರಿದಿದೆಯೋ ಇಲ್ಲವೋ ಕಾಣುತ್ತದೆ.